ಗ್ರಾನೈಟಿಗೆ ಲಕ್ಷ, ವೈರಿಗೆ ಚೌಕಾಸಿ

ಅಡುಗೆಮನೆ ಹೊಸದು ಮಾಡಿಸುವ ಮಾತು ಬಂದರೆ ಕಪಾಟಿನ ಬಣ್ಣದ ಬಗ್ಗೆಯೇ ಮನೆಮಂದಿ ವಾರಗಟ್ಟಲೆ ಚರ್ಚಿಸುತ್ತಾರೆ. ಎಲೆಕ್ಟ್ರಿಷಿಯನ್‌ಗೆ ಕರೆ ಹೋಗುವುದು ಟೈಲ್ಸ್ ಅಂಟಿಸಿ ಮುಗಿದ ಮೇಲೆ. ‘ಇಲ್ಲೊಂದು ಪಾಯಿಂಟ್ ಕೊಟ್ಟುಬಿಡಿ’ ಎಂದರೆ ಆತನಾದರೂ ಏನು ಮಾಡಿಯಾನು? ಪಕ್ಕದ ಸಾಕೆಟ್‌ನಿಂದಲೇ ಲೂಪ್ ಎಳೆದು ಹೋಗುತ್ತಾನೆ.

ಹಳೆಯ ಮನೆಗಳ ವೈರಿಂಗ್ ಮಿಕ್ಸಿ, ಫ್ರಿಜ್ಜಿನ ಕಾಲದ್ದು. ಈಗ ಬೆಳಗಿನ ಎಂಟು ಗಂಟೆಗೆ 2000 ವ್ಯಾಟ್ ಇಂಡಕ್ಷನ್ ಒಲೆಯ ಮೇಲೆ ಸಾರು, 1500 ವ್ಯಾಟ್ ಕೆಟಲ್‌ನಲ್ಲಿ ನೀರು, 1200 ವ್ಯಾಟ್ ಮೈಕ್ರೋವೇವ್‌ನಲ್ಲಿ ನಿನ್ನೆಯ ಪಲ್ಯ, 750 ವ್ಯಾಟ್ ಮಿಕ್ಸಿಯಲ್ಲಿ ಚಟ್ನಿ. 230 ವೋಲ್ಟ್‌ ಲೆಕ್ಕದಲ್ಲಿ ಇದು ಸುಮಾರು 24 ಆಂಪಿಯರ್. ಎಲ್ಲವೂ ಒಂದೇ 16 ಆಂಪಿಯರ್ ಸರ್ಕ್ಯೂಟಿನಲ್ಲಿದ್ದರೆ ಮಿತಿ ಮೀರಿದಾಗ ಕರೆಂಟು ಕಡಿಯುವ ಎಂಸಿಬಿ ಆಗಾಗ ಟ್ರಿಪ್ ಆಗತೊಡಗುತ್ತದೆ.

ನಿಜವಾದ ಅಪಾಯ ಆಮೇಲಿನದು. ‘ದಿನಾ ಇದೇ ರಗಳೆ, 32ರದ್ದು ಹಾಕಿಬಿಡಿ’ ಎನ್ನುತ್ತಾರೆ ಯಜಮಾನರು. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. 2.5 ಚದರ ಮಿ.ಮೀ. ವೈರಿಗೆ 32ರ ಎಂಸಿಬಿ ಕೂರಿಸಿದರೆ, ವೈರು ಕಾದು ಇನ್ಸುಲೇಷನ್ ಹಾಳಾಗುತ್ತಿದ್ದರೂ ಅದು ಬೀಳುವುದಿಲ್ಲ.

ಇನ್ನೊಂದು ಕಿತಾಪತಿ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕನ್ವರ್ಟರ್ ಪ್ಲಗ್. 16 ಆಂಪಿಯರಿನ ದಪ್ಪ ಪಿನ್ನನ್ನು ಅದಕ್ಕೆ ಚುಚ್ಚಿ 6 ಆಂಪಿಯರ್ ಸಾಕೆಟ್‌ಗೆ ಹಾಕುತ್ತಾರೆ. ಇಂಡಕ್ಷನ್ ಒಲೆಯೊಂದೇ ಪೂರ್ಣ ಉರಿಯಲ್ಲಿ ಎಂಟೂವರೆ ಆಂಪಿಯರ್ ಮೀರುತ್ತದೆ. ಸಾಕೆಟ್‌ನ ತೂತಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಕಂಡರೆ ಆ ಜಾಗವನ್ನು ಮತ್ತೆ ಬಳಸಕೂಡದು.

ಹಾಗಾಗಿ ಕಪಾಟಿನ ನಕ್ಷೆಗೂ ಮುಂಚೆ ಕರೆಂಟಿನ ನಕ್ಷೆ ಬೇಕು. ಇಂಡಕ್ಷನ್, ಓವನ್, ಡಿಶ್‌ವಾಷರ್, ಗೀಸರ್‌ಗಳಿಗೆ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡ್‌ನಿಂದಲೇ (ಡಿಬಿ) ಬೇರೆ ಬೇರೆ ಲೈನ್, ಅವುಗಳದೇ ಎಂಸಿಬಿ. ಮಿಕ್ಸಿ, ಗ್ರೈಂಡರ್ ಕಡೆಗೆ ಮತ್ತೊಂದು. ಫ್ರಿಜ್ಜಿಗೂ ಪ್ರತ್ಯೇಕ ಲೈನ್ ಇದ್ದರೆ ಊರಿಗೆ ಹೋಗುವಾಗ ಉಳಿದದ್ದನ್ನೆಲ್ಲ ಆರಿಸಬಹುದು. ಡಿಶ್‌ವಾಷರ್‌ನ ಸಾಕೆಟ್ ಅದರ ಬೆನ್ನಿಗಿಂತ ಪಕ್ಕದ ಕಪಾಟಿನಲ್ಲಿರಲಿ. ನೀರು ಸೋರಿದಾಗ ಪ್ಲಗ್ ಕೀಳಲು ಕೈ ಎಟುಕಬೇಕಲ್ಲ. ಒದ್ದೆ ಕೈ, ಸ್ಟೀಲ್ ಸಿಂಕ್ ಇರುವ ಜಾಗವಾದ್ದರಿಂದ ಸರಿಯಾದ ಅರ್ಥಿಂಗ್ ಜೊತೆಗೆ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಎಂಸಿಬಿ ಇದ್ದರೆ ಸಾಕೆನ್ನುವವರು, ಮನುಷ್ಯನ ಮೈಯಲ್ಲಿ ಹರಿಯುವ ಅಷ್ಟು ಸಣ್ಣ ಕರೆಂಟು ಅದರ ಗಮನಕ್ಕೇ ಬರುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಮನೆಯೊಳಗಿನ ವೈರಿಂಗ್ ಸರಿಯಾದರಷ್ಟೇ ಸಾಲದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲನ್ನು ಯಾರೂ ಪೂರ್ತಿ ಓದುವುದಿಲ್ಲ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದು ಅದರಲ್ಲೇ ಇರುತ್ತದೆ. ಎರಡು ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಮೇಲಿನ ಬೆಳಗಿನ ಅಡುಗೆ ನಡೆಯಬೇಕಾದರೆ ಮೊದಲು ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಬೇಕು.

ಮಾಡ್ಯುಲರ್ ಕಿಚನ್ ಕಂಪನಿಗಳು ಕೊಟೇಶನ್‌ನಲ್ಲಿ ಹಿಂಜಿನ ಬ್ರ್ಯಾಂಡನ್ನೂ ನಮೂದಿಸುತ್ತವೆ. ವೈರಿನ ಗಾತ್ರ, ಸರ್ಕ್ಯೂಟಿನ ಸಂಖ್ಯೆ, ಎಂಸಿಬಿ ರೇಟಿಂಗ್ ಇರುವ ಒಂದು ಪುಟವನ್ನೂ ಗ್ರಾಹಕರು ಕೇಳಿ ಪಡೆಯಬೇಕು, ಅಡ್ವಾನ್ಸ್ ಕೊಡುವ ಮೊದಲೇ. ಪೈಪು ಹೂತು ಗಾರೆ ಮೆತ್ತುವ ಮುನ್ನ ಗೋಡೆಯ ಫೋಟೊ ತೆಗೆದಿಟ್ಟುಕೊಂಡರೆ, ಮುಂದೆ ಚಿಮಣಿ ಕೂರಿಸಲು ಬಂದವನ ಡ್ರಿಲ್ ವೈರಿಗೆ ತಗಲುವುದೂ ತಪ್ಪುತ್ತದೆ.