ತಲೆಯಿಲ್ಲದ ತಖ್ತೆಗಳು

ಮಾರ್ಚ್ 31ಕ್ಕೆ ಲೆಕ್ಕದ ವರ್ಷವು ಮುಗಿದು, ಲೆಕ್ಕಪರಿಶೋಧಕರ ಸಹಿಯೂ ಬಿದ್ದು, ಮಳೆಯು ಇನ್ನೂ ಪೂರ್ತಿಯಾಗಿ ಹಿಂದೆಗೆಯದ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಸಹಕಾರಿ ಸಂಘಗಳ ವಾರ್ಷಿಕ ಸಭೆಗಳು ಒಂದಾದ ಮೇಲೊಂದು ಜರುಗುವ ಕಾಲಕ್ಕೆ, ಇಲ್ಲಿಯ ತೋಟಿಗರ ಮನೆಗಳಿಗೆ ಬಂದು ಸೇರುವ ವರದಿಪುಸ್ತಕಗಳ ಸಂಖ್ಯೆಯು ಅಲ್ಪವಲ್ಲ. ಒಬ್ಬನೇ ಗೃಹಸ್ಥನು ಊರಿನ ಸೇವಾ ಸಂಘಕ್ಕೂ ತಾಲೂಕಿನ ಮಾರಾಟ ಸಂಘಕ್ಕೂ ಸದಸ್ಯನಾಗಿರುವುದು ಈ ಸೀಮೆಯಲ್ಲಿ ಸಾಮಾನ್ಯ ಸಂಗತಿ. 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಶಿರಸಿಯಲ್ಲಿ ಸ್ಥಾಪಿತವಾದಂದಿನಿಂದ ಜಮಾಖರ್ಚಿನ ತಖ್ತೆಯನ್ನು ಬೆರಳಿಟ್ಟು ಓದುವ ಅಭ್ಯಾಸವು ಇಲ್ಲಿ ತಂದೆಯಿಂದ ಮಗನಿಗೆ ಬಂದಿದೆ. ವರದಿಗಳ ಕಾಗದವು ಈಗ ನುಣುಪಾಗಿದೆ, ಮುದ್ರಣವು ವರ್ಣಮಯವಾಗಿದೆ. ಆದರೆ ನಾಲ್ಕಾರು ಪುಟಗಳಷ್ಟು ದೀರ್ಘವಾದ ತಖ್ತೆಯೊಂದು ಮೊದಲ ಪುಟದಲ್ಲಿ ಮಾತ್ರ ತಲೆಬರಹವನ್ನು ಹೊತ್ತು, ಎರಡನೆಯ ಪುಟದಿಂದ ಮುಂದಕ್ಕೆ ಬರಿಯ ಅಂಕೆಗಳ ಪ್ರವಾಹವಾಗಿ ಹರಿಯುವ ದೋಷವು, ಅಚ್ಚಿನ ಸೊಬಗು ಹೆಚ್ಚಿದಂತೆಲ್ಲ ತಾನೂ ಹೆಚ್ಚುತ್ತಿರುವುದು ವಿಷಾದಕರವಾಗಿದೆ.

ಇದು ಅಕ್ಷರಜೋಡಣೆಯ ಕ್ಷುಲ್ಲಕ ವಿಷಯವೆಂದು ನಗುವವರುಂಟು. ಅವರು ಅಡಿಕೆ ಧಾರಣೆಯ ಒಂದು ವರ್ಷದ ಪಟ್ಟಿಯನ್ನು ಕಲ್ಪಿಸಿಕೊಳ್ಳಲಿ. ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಆರು ಬಗೆ, ಶಿರಸಿ, ಸಿದ್ದಾಪುರ, ಯಲ್ಲಾಪುರವೆಂಬ ಮೂರು ಪೇಟೆ, ತಿಂಗಳು ಹನ್ನೆರಡು. ತಿಂಗಳಿಗೊಂದೇ ಸಾಲೆಂದು ಹಿಡಿದರೂ 216 ಸಾಲುಗಳಾದವು. ಪುಟಕ್ಕೆ 36 ಸಾಲುಗಳಂತೆ ಆರು ಪುಟ. ಚಾಲಿಯನ್ನು ಮನೆಯಲ್ಲಿಯೇ ಇಟ್ಟುಕೊಂಡು ಒಳ್ಳೆಯ ಧಾರಣೆಗಾಗಿ ಕಾದಿರುವ ಬೆಳೆಗಾರನು ಅದರ ನಾಲ್ಕನೆಯ ಪುಟವನ್ನು ತೆರೆದು, ಸಾಲೊಂದರಲ್ಲಿ ಮೂರು ಅಂಕೆಗಳನ್ನು ಕಂಡನೆನ್ನಿ. ಚಿಕ್ಕದು ಕನಿಷ್ಠ, ದೊಡ್ಡದು ಗರಿಷ್ಠವೆಂದು ಊಹಿಸಿಯಾನು. ಆದರೆ ನಡುವಿನದು ಸರಾಸರಿಯೋ, ಅಥವಾ ಹೆಚ್ಚು ಮಾಲು ವಿಕ್ರಯವಾದ ದರವೋ ಎಂಬುದನ್ನು ಯಾವ ಊಹೆಯಿಂದ ತಿಳಿಯಬೇಕು? ಒಂದೇ ಬಗೆಯ ಅಡಿಕೆಯಲ್ಲಿ ಕನಿಷ್ಠಕ್ಕೂ ಗರಿಷ್ಠಕ್ಕೂ ಕ್ವಿಂಟಲಿಗೆ ಸಾವಿರಾರು ರೂಪಾಯಿಗಳ ಅಂತರವಿರುವಲ್ಲಿ ಈ ಸಂಶಯವು ಕ್ಷುಲ್ಲಕವಲ್ಲ. ಭೂಮಿಯ ಪಟ್ಟಿಗಳಲ್ಲಂತೂ ಅವಸ್ಥೆಯು ಇನ್ನೂ ಕಠಿಣ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಆಣೆ, ಖರಾಬು, ಆಕಾರ ಎಂಬ ಇಷ್ಟೂ ಅಂಕಣಗಳಲ್ಲಿ ಇರುವುದು ಅಂಕೆಯೇ. ಶೀರ್ಷಿಕೆಯು ಕಳಚಿದೊಡನೆ ಹಿಸ್ಸಾ ಎರಡು ಎಕರೆ ಎರಡಾಗಿ ಕಾಣುವುದಕ್ಕೆ ತಡವೇನೂ ಬೇಡ.

ಹಳೆಯ ಕಾಲದ ಕಾರಕೂನರು ಈ ಅಪಾಯವನ್ನು ಬಲ್ಲವರಾಗಿದ್ದರು. ಕಿರ್ದಿಯ ಪುಟವು ತುಂಬಿತೆಂದರೆ ಕೆಳಗೆ ಮೊತ್ತವನ್ನು ಕಟ್ಟಿ ‘ಮುಂದಿನ ಪುಟಕ್ಕೆ’ ಎಂದು ಬರೆದು, ಹೊಸ ಪುಟದ ನೆತ್ತಿಯಲ್ಲಿ ‘ಹಿಂದಿನ ಪುಟದಿಂದ’ ಎಂದು ಅದೇ ಮೊಬಲಗನ್ನು ಇಳಿಸಿದ ಹೊರತು ಅವರು ಶಾಯಿಯ ಲೇಖನಿಯನ್ನು ಮತ್ತೊಂದು ಬಾಬಿಗೆ ತಾಗಿಸುತ್ತಿರಲಿಲ್ಲ. ಈ ಶಿಸ್ತು ಒಂದು ದೇಶದ ಸೊತ್ತಲ್ಲ. 1494ರಲ್ಲಿ ವೆನಿಸ್ ನಗರದಲ್ಲಿ ಮುದ್ರಿತವಾದ ಗ್ರಂಥದಲ್ಲಿ ಲೂಕಾ ಪಾಚೋಲಿಯು, ಖಾತೆಯ ಪುಟ ತುಂಬಿದಾಗ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ಯುವ ಕ್ರಮವನ್ನು ಪ್ರತ್ಯೇಕವಾಗಿಯೇ ವಿವರಿಸಿದ್ದಾನೆ. ನಮ್ಮ ಪಂಚಾಂಗವನ್ನಾದರೂ ನೋಡಿರಿ: ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳ ಶೀರ್ಷಿಕೆಯು ಪಕ್ಷಪಕ್ಷಕ್ಕೂ ಹೊಸದಾಗಿ ಬರುತ್ತದೆ, ಯುಗಾದಿಯಂದು ಒಮ್ಮೆ ಹೇಳಿದ್ದೇವಲ್ಲ ಎಂದು ಪಂಚಾಂಗಕರ್ತನು ಆಷಾಢದಲ್ಲಿ ಅದನ್ನು ಬಿಟ್ಟುಬಿಡುವುದಿಲ್ಲ. ಬೆರಳಚ್ಚು ಯಂತ್ರದ ಕಾಲದಲ್ಲಿ ಪ್ರತಿಯೊಂದು ಹಾಳೆಗೂ ತಲೆಬರಹವನ್ನು ಮತ್ತೆ ಮತ್ತೆ ಬಡಿಯುವುದು ಬೇಸರದ ದುಡಿಮೆಯಾಗಿತ್ತು, ಆದರೂ ಅದು ನಡೆಯುತ್ತಿತ್ತು.

ಯಂತ್ರವೇ ಈ ಬೇಸರವನ್ನು ಹೊತ್ತುಕೊಳ್ಳಲು ಸಿದ್ಧವಾಗಿರುವಾಗ ಮನುಷ್ಯನು ಅದನ್ನು ಮರೆತುದೇಕೆ? ನನಗೆ ತೋರುವ ಕಾರಣವಿಷ್ಟು: ಕೈಬರಹದ ಲೆಕ್ಕಿಗನಿಗೆ ಪುಟದ ಅಂಚು ಪ್ರತಿಕ್ಷಣವೂ ಕಣ್ಣೆದುರಿಗಿರುತ್ತಿತ್ತು, ಕಂಪ್ಯೂಟರಿನ ತೆರೆಯ ಮೇಲಾದರೋ ತಖ್ತೆಯು ಕೊನೆಯಿಲ್ಲದ ಸುರುಳಿಯಂತೆ ಉರುಳುವುದರಿಂದ, ತಾನೇ ತುಂಬಿದ ಅಂಕಣಗಳ ಅರ್ಥವು ಬರೆಯುವವನ ಮನಸ್ಸಿನಲ್ಲಿ ನಿಚ್ಚಳವಾಗಿರುವಾಗ, ಪುಟವೆಂಬ ವಸ್ತುವೊಂದಿದೆಯೆಂಬುದೇ ಪ್ರಿಂಟರಿನಿಂದ ಹಾಳೆಯು ಹೊರಬರುವ ತನಕ ಅವನಿಗೆ ನೆನಪಾಗುವುದಿಲ್ಲ. ಮೇಲಾಗಿ, ಈ ಕೆಲಸವು ಬಹುಮಟ್ಟಿಗೆ ಸಭೆಯ ನೋಟೀಸಿನ ಅವಸರದಲ್ಲಿ, ಡಿಟಿಪಿ ಅಂಗಡಿಯೊಂದರಲ್ಲಿ, ಕರೆಂಟು ಹೋಗುವ ಮೊದಲು ಮುಗಿಯಬೇಕಾದದ್ದು.

ಉಪಾಯವು ದುರ್ಲಭವಲ್ಲ. ವರ್ಡ್ ತಂತ್ರಾಂಶದಲ್ಲಿ ತಖ್ತೆಯ ಮೊದಲ ಸಾಲನ್ನು ಆಯ್ದುಕೊಂಡು, ತಖ್ತೆಗೆ ಸಂಬಂಧಿಸಿದ ಲೇಔಟ್ ಪಟ್ಟಿಯಲ್ಲಿ ‘ರಿಪೀಟ್ ಹೆಡರ್ ರೋಸ್’ ಎಂಬುದನ್ನು ಒತ್ತಿದರೆ, ತಖ್ತೆಯು ಎಷ್ಟು ಪುಟ ಬೆಳೆದರೂ ತಲೆಬರಹವು ಪ್ರತಿ ಪುಟದ ಮೇಲೂ ತಾನಾಗಿ ಬರುವುದು. ಲಿಬ್ರೆ ಆಫೀಸಿನಲ್ಲಿಯೂ ಇಂತಹುದೇ ಅನುಕೂಲವುಂಟು. ಸಾಲೊಂದು ನಡುವೆ ಸೀಳಿ, ಸದಸ್ಯನ ಹೆಸರು ಈ ಪುಟದಲ್ಲಿಯೂ ಆತನ ತಂದೆಯ ಹೆಸರು ಮುಂದಿನ ಪುಟದಲ್ಲಿಯೂ ಬೀಳುವ ವಿಪರೀತವನ್ನು ತಡೆಯುವುದಕ್ಕೆ, ಸಾಲಿನ ಗುಣಲಕ್ಷಣಗಳಲ್ಲಿ ‘ಅಲೌ ರೋ ಟು ಬ್ರೇಕ್ ಅಕ್ರಾಸ್ ಪೇಜಸ್’ ಎಂಬುದರ ಮುಂದಿನ ಗುರುತನ್ನು ತೆಗೆದರಾಯಿತು. ಇದನ್ನರಿಯದವರು ಎಂಟರ್ ಕೀಲಿಯನ್ನು ಹತ್ತಾರು ಸಲ ಒತ್ತಿ ಸಾಲನ್ನು ಕೆಳಕ್ಕೆ ನೂಕುತ್ತಾರೆ, ಅಥವಾ ತಲೆಬರಹವನ್ನು ನಕಲುಮಾಡಿ ಎರಡನೆಯ ಪುಟದ ಮೇಲೆ ಅಂಟಿಸುತ್ತಾರೆ. ಮರುದಿನ ಬಿಟ್ಟುಹೋದ ಎರಡು ಹೆಸರುಗಳನ್ನು ಮೇಲೆ ಸೇರಿಸಿದೊಡನೆ ಆ ಕೃತಕ ತಲೆಬರಹವು ಜಾರಿ ಪುಟದ ಹೊಟ್ಟೆಯಲ್ಲಿ ಬಂದು ಕುಳಿತುಕೊಳ್ಳುತ್ತದೆ. ತಖ್ತೆಯ ಸುತ್ತ ಬರಹವು ಹರಿಯುವಂತೆ ಮಾಡಿದ್ದರೂ, ಪುಟವನ್ನು ಕೈಯಾರೆ ಕಡಿದಿದ್ದರೂ ಈ ಸೌಲಭ್ಯವು ಕೆಲಸಮಾಡದೆಂಬುದನ್ನು ನೆನಪಿಡಬೇಕು. ಪುಟಪುಟದ ಮೊತ್ತವನ್ನು ಮುಂದಕ್ಕೆ ಒಯ್ಯುವುದನ್ನು ಮಾತ್ರ ವರ್ಡ್ ತಾನಾಗಿ ಮಾಡಿಕೊಡದು. ಆ ಭಾಗದಲ್ಲಿ ಹಳೆಯ ಕಾರಕೂನನೇ ಇಂದಿಗೂ ಮೇಲು.

ಕನ್ನಡಕ್ಕೆ ವಿಶಿಷ್ಟವಾದ ತೊಡಕೊಂದುಂಟು. ಹೆಚ್ಚು ಸಾಲುಗಳನ್ನು ಪುಟದಲ್ಲಿ ತುರುಕುವ ಆಸೆಯಿಂದ ಸಾಲಿನ ಎತ್ತರವನ್ನು ಇಷ್ಟೇ ಎಂದು ಬಿಗಿದರೆ, ಇಂಗ್ಲಿಷಿನ ಅಕ್ಷರಗಳಿಗೆ ಹೆಚ್ಚಿನ ಬಾಧೆಯಿಲ್ಲ; ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಅವುಗಳ ಕಾಲು ಕತ್ತರಿಸಿಹೋಗುತ್ತದೆ. ಸಿದ್ದಾಪುರ, ಯಲ್ಲಾಪುರ, ತಟ್ಟಿಬೆಟ್ಟೆಗಳು ಹೀಗೆ ಅಂಗವಿಹೀನವಾಗಿ ನಿಂತಾಗಲೂ ಶಿರಸಿಯೊಂದು ಒತ್ತಿಲ್ಲದ ಊರಾದ್ದರಿಂದ ಪಾರಾಗುತ್ತದೆ; ಮೂರು ಊರುಗಳ ನಡುವಣ ಹಳೆಯ ಸ್ಪರ್ಧೆಯಲ್ಲಿ ಇದನ್ನೂ ಶಿರಸಿಯವರು ತಮ್ಮ ಪಾಲಿಗೆ ಬರೆದುಕೊಳ್ಳಬಹುದು. ಎತ್ತರವನ್ನು ‘ಕನಿಷ್ಠ ಇಷ್ಟು’ ಎಂದಿಟ್ಟರೆ ಅಕ್ಷರವು ಬೇಕಾದ ಸ್ಥಳವನ್ನು ತಾನೇ ಪಡೆದುಕೊಳ್ಳುತ್ತದೆ.

ಪುಟಕ್ಕೊಂದು ಸಾಲು ಹೆಚ್ಚಾದರೆ ಕಾಗದವು ದಂಡವೆನ್ನುವವರಿಗೆ ಹೇಳಬೇಕಾದುದೆಂದರೆ, ಇಂದಿನ ದಿನಗಳಲ್ಲಿ ಪುಟವು ತನ್ನ ಪುಸ್ತಕದೊಡನೆ ಕೂಡಿ ಬಾಳುವುದು ಅಪರೂಪ. ತನ್ನ ಹೆಸರಿರುವ ಒಂದೇ ಪುಟವನ್ನು ಝೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸುವವರು, ಗ್ರಾಮ ಪಂಚಾಯತದ ಫಲಕಕ್ಕೆ ಅಂಟಿಸಿದ ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವವರು, ಮೂರನೆಯ ಪುಟವನ್ನು ಮೊದಲನೆಯದರಿಂದ ನಿತ್ಯವೂ ಬೇರ್ಪಡಿಸುತ್ತಿದ್ದಾರೆ. ಅರಣ್ಯವೇ ಅಧಿಕವಾಗಿರುವ ಈ ಜಿಲ್ಲೆಯಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಅರ್ಜಿ ಹಾಕಿದ ಪಾರಂಪರಿಕ ಅರಣ್ಯವಾಸಿಗಳು, 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ವಾಸವಾಗಿದ್ದುದಕ್ಕೆ ಸಾಕ್ಷ್ಯವನ್ನು ಒದಗಿಸಬೇಕಾಗಿದೆ. ಅಂತಹವರ ಪಟ್ಟಿಯು ಗ್ರಾಮಸಭೆಯಿಂದ ಉಪವಿಭಾಗಕ್ಕೆ, ಅಲ್ಲಿಂದ ಜಿಲ್ಲಾಕೇಂದ್ರಕ್ಕೆ ಸಾಗುವಾಗ ‘ಕೋರಿದ ಕ್ಷೇತ್ರ’ ಯಾವುದು, ‘ಅಳತೆಯಲ್ಲಿ ಬಂದ ಕ್ಷೇತ್ರ’ ಯಾವುದು ಎಂಬುದು ಪುಟಪುಟದಲ್ಲಿಯೂ ಕಾಣದಿದ್ದರೆ, ಉಳಿದ ಅರ್ಧ ಸಾಲಿನ ಕಾಗದದ ಬೆಲೆಯನ್ನು ತೆರುವವನು ಬಡ ಅರ್ಜಿದಾರನೇ ಹೊರತು ಕಚೇರಿಯಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ವಾರ್ಷಿಕ ಸಭೆಯಲ್ಲಿ ಲಾಭಾಂಶವನ್ನು ಕುರಿತು ಮಾತನಾಡಲು ಎದ್ದು ನಿಂತಾಗ, ತಲೆಯಿಲ್ಲದ ಪುಟವನ್ನೂ ಎತ್ತಿ ಹಿಡಿದು ಇದರ ಐದನೆಯ ಅಂಕಣ ಯಾವುದೆಂದು ಕೇಳಿರಿ. ಉತ್ತರವನ್ನು ಹುಡುಕುವುದಕ್ಕೆ ವೇದಿಕೆಯ ಮೇಲಿನವರೂ ಪುಟವನ್ನು ಹಿಂದಕ್ಕೆ ಮಗುಚುವುದನ್ನು ಸಭೆಯು ನೋಡಲಿ. ಆಡಳಿತ ಮಂಡಳಿಗಳಾದರೂ ಇದಕ್ಕಾಗಿ ಹೊಸ ನಿಯಮಾವಳಿಯನ್ನೇನೂ ರಚಿಸಬೇಕಾಗಿಲ್ಲ. ಒಂದು ಪುಟವನ್ನು ಮೀರಿದ ತಖ್ತೆಗೆ ಪ್ರತಿ ಪುಟದಲ್ಲಿಯೂ ತಲೆಬರಹವಿರತಕ್ಕದ್ದು, ಮೊಬಲಗಿನ ತಖ್ತೆಯಾದರೆ ಹಿಂದಿನ ಪುಟದ ಮೊತ್ತವೂ ಇರತಕ್ಕದ್ದು, ಇಲ್ಲವಾದರೆ ಕರಡು ಪ್ರತಿಯನ್ನು ಹಿಂದಿರುಗಿಸಲಾಗುವುದು ಎಂಬೊಂದು ಷರತ್ತನ್ನು ಮುದ್ರಣಾಲಯಕ್ಕೆ ಕೊಡುವ ಆದೇಶದಲ್ಲಿ ಸೇರಿಸಲು ಮುಂದಿನ ಬೈಠಕಿನಲ್ಲಿ ಠರಾವು ಮಾಡಿದರೆ ಸಾಕು.