ಮಕ್ಕಳು ಚಪ್ಪಾಳೆ ತಟ್ಟದಿದ್ದರೆ?

1904ನೆಯ ಇಸವಿಯ ಡಿಸೆಂಬರ್ 27ರಂದು ಲಂಡನ್ ನಗರದ ಡ್ಯೂಕ್ ಆಫ್ ಯಾರ್ಕ್ಸ್ ನಾಟಕಗೃಹದಲ್ಲಿ ಒಬ್ಬ ನಾಟಕಕಾರನ ಎದೆ ಡವಗುಟ್ಟುತ್ತಿತ್ತು. ಆತನ ಹೆಸರು ಜೇಮ್ಸ್ ಬ್ಯಾರಿ. ಎಂದಿಗೂ ದೊಡ್ಡವನಾಗಲೊಲ್ಲದ ಬಾಲಕನೊಬ್ಬನ ಕಥೆಯಾದ ಆತನ ‘ಪೀಟರ್ ಪ್ಯಾನ್’ ನಾಟಕ ಅಂದು ಮೊತ್ತಮೊದಲು ರಂಗವೇರಿತ್ತು. ನಾಟಕದ ನಡುವೆ ಒಂದು ಪ್ರಸಂಗ ಬರುತ್ತದೆ. ಪೀಟರನಿಗಾಗಿ ಇಟ್ಟಿದ್ದ ವಿಷವನ್ನು ಟಿಂಕರ್ ಬೆಲ್ ಎಂಬ ಪುಟ್ಟ ಯಕ್ಷಿಣಿ ತಾನೇ ಕುಡಿದುಬಿಡುತ್ತಾಳೆ. ರಂಗದ ಮೇಲೆ ಆಕೆಗೆ ಶರೀರವಿಲ್ಲ. ಕನ್ನಡಿಯಿಂದ ಹಾಯಿಸಿದ ಒಂದು ಬೆಳಕಿನ ಚುಕ್ಕೆ, ಕಿಣಿಕಿಣಿ ಎನ್ನುವ ಒಂದು ಗಂಟೆಯ ನಾದ, ಇಷ್ಟೇ ಆಕೆ. ಆ ಬೆಳಕು ಮೆಲ್ಲಮೆಲ್ಲನೆ ಕುಂದತೊಡಗುತ್ತದೆ. ಆಗ ಪೀಟರ್ ಜತೆಯ ಪಾತ್ರಗಳನ್ನು ಬಿಟ್ಟು ನೇರವಾಗಿ ಪ್ರೇಕ್ಷಕರತ್ತ ತಿರುಗಿ, ಯಕ್ಷಿಣಿಯರು ಉಂಟೆಂದು ನಂಬುವವರೆಲ್ಲ ಚಪ್ಪಾಳೆ ತಟ್ಟಬೇಕೆಂದು ಅಂಗಲಾಚುತ್ತಾನೆ. ತಟ್ಟಿದರೆ ಆಕೆ ಬದುಕಿಯಾಳು.

ತಟ್ಟದಿದ್ದರೆ? ಬ್ಯಾರಿಯನ್ನು ಕಾಡಿದ ಭಯ ಇದೇ. ಅಂದು ಸಭಾಂಗಣದಲ್ಲಿ ಕುಳಿತವರಲ್ಲಿ ಹೆಚ್ಚಿನವರು ಮಕ್ಕಳಲ್ಲ. ಲಂಡನ್ನಿನ ಪ್ರತಿಷ್ಠಿತರು, ಹೊಸ ನಾಟಕದ ಮೊದಲ ಪ್ರದರ್ಶನವನ್ನು ತಪ್ಪಿಸಿಕೊಳ್ಳದ ರಸಿಕರು. ಗಡ್ಡಮೀಸೆಯ ಗಂಭೀರ ಪುರುಷರು ಬೆಳಕಿನ ಚುಕ್ಕೆಗಾಗಿ ಕೈತಟ್ಟುವರೆಂದು ನಂಬುವುದೆಂತು? ಆದಕಾರಣ ಆತ ಮೊದಲೇ ಒಂದು ಉಪಾಯ ಹೂಡಿದ್ದ. ಸಭೆ ಮೌನವಾಗಿದ್ದರೆ ವಾದ್ಯಗಾರರು ತಮ್ಮ ಪಿಟೀಲುಗಳನ್ನು ಕೆಳಗಿಟ್ಟು ತಾವೇ ಚಪ್ಪಾಳೆ ಹಾಕಬೇಕು ಎಂದು ಅವರಿಗೆ ಹೇಳಿಡಲಾಗಿತ್ತು. ಆ ಉಪಾಯ ಬೇಕಾಗಲಿಲ್ಲ. ಸಭೆಗೆ ಸಭೆಯೇ ಎಂತಹ ಕರತಾಡನ ಮಾಡಿತೆಂದರೆ ಪೀಟರನ ಪಾತ್ರ ವಹಿಸಿದ್ದ ನೀನಾ ಬೂಸಿಕೋ ಎಂಬ ನಟಿ ರಂಗದ ಮೇಲೆಯೇ ಕಣ್ಣೀರು ಸುರಿಸಿದಳಂತೆ.

ಪ್ರೇಕ್ಷಕನನ್ನು ನಾಟಕದೊಳಕ್ಕೆ ಸೆಳೆದುಕೊಳ್ಳುವ ವಿದ್ಯೆ ಬ್ಯಾರಿಯೊಡನೆ ಹುಟ್ಟಿದ್ದಲ್ಲ. ಕ್ರಿಸ್‌ಮಸ್ ಕಾಲದ ಇಂಗ್ಲೆಂಡಿನ ಪ್ಯಾಂಟೊಮೈಮ್ ಆಟಗಳಲ್ಲಿ, ಕಳ್ಳನೊಬ್ಬ ನಾಯಕನ ಬೆನ್ನ ಹಿಂದೆ ಬಂದು ನಿಂತರೆ, ‘ಹಿಂದೆ ನೋಡು, ಹಿಂದೆ ನೋಡು’ ಎಂದು ಮಕ್ಕಳು ಗಂಟಲು ಹರಿಯುವಂತೆ ಕೂಗುವುದು ಹಳೆಯ ವಾಡಿಕೆ. ಕನ್ನಡ ನಾಡಿಗೂ ಇದು ಅಪರಿಚಿತವೇನಲ್ಲ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿಗಳಾಗಿ, ಬಾಲಗೋಪಾಲರಾಗಿ ಕುಣಿಯುವವರು ಇನ್ನೂ ಕಲಿಯುತ್ತಿರುವ ಹುಡುಗರೇ. ಎದುರಿನ ಚಾಪೆಯ ಮೇಲೆ ಕುಳಿತು ಕಣ್ಣರಳಿಸಿ ನೋಡುವ ಊರ ಮಕ್ಕಳಿಗೂ ರಂಗದ ಮೇಲಿನ ಆ ಹುಡುಗರಿಗೂ ವಯಸ್ಸಿನ ಅಂತರ ಬಹಳವಿಲ್ಲ. ನೋಡುವವನು ನಾಳೆ ಕುಣಿಯುವವನಾದಾನು ಎಂಬುದು ಅಲ್ಲಿ ಸಹಜವಾದ ಮಾತು.

ಆದರೆ ‘ಪೀಟರ್ ಪ್ಯಾನ್’ ನಾಟಕದ ಕತೆ ಚಪ್ಪಾಳೆಗೇ ಮುಗಿಯಲಿಲ್ಲ. ಆ ನಾಟಕದಲ್ಲಿ ಮಕ್ಕಳು ಹಾರುತ್ತಾರೆ. ನೋಡಿದ ಮಕ್ಕಳು ಮನೆಗೆ ಹೋದರು, ಮಂಚ ಹತ್ತಿದರು, ಹಾರಿದರು. ಹಾರಿದ ಮೇಲೆ ಆಗಬೇಕಾದುದೇ ಆಯಿತು, ವೈದ್ಯರನ್ನು ಕರೆಯಬೇಕಾಯಿತು. ತಾಯ್ತಂದೆಗಳ ದೂರು ನಾಟಕಕಾರನ ಬಾಗಿಲಿಗೆ ಬಂದಿತು. ಯಕ್ಷಿಣಿಯ ಧೂಳಿಯನ್ನು ಮೈಮೇಲೆ ಊದಿಸಿಕೊಳ್ಳದೆ ಯಾರೂ ಹಾರಲಾರರು ಎಂಬ ನಿಯಮವನ್ನು ತಾನು ನಾಟಕಕ್ಕೆ ಆಮೇಲೆ ಸೇರಿಸಿದ್ದು ಈ ಕಾರಣದಿಂದಲೇ ಎಂದು ಬ್ಯಾರಿ 1928ರಲ್ಲಿ ಅಚ್ಚಾದ ಪ್ರತಿಯ ಅರ್ಪಣೆಯಲ್ಲಿ ಬರೆದುಕೊಂಡಿದ್ದಾನೆ. ಮರುವರ್ಷ ಆತ ಆ ನಾಟಕದ ಹಕ್ಕುಗಳನ್ನೇ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ದಾನವಾಗಿತ್ತ. ಮಂಚದಿಂದ ಬಿದ್ದವರ ಋಣವನ್ನು ಹೀಗೆ ತೀರಿಸಿದನೆಂದು ಯಾರಾದರೂ ತಮಾಷೆ ಮಾಡಿದರೆ ತಪ್ಪಲ್ಲ.

ದೊಡ್ಡವರಿಗೆ ನಾಟಕ ಎಂಬುದು ಪರದೆ ಬಿದ್ದೊಡನೆ ಮುಗಿಯುವ ವ್ಯವಹಾರ. ಮಗುವಿಗೆ ಅದು ಮನೆಗೆ ಹೋದ ಮೇಲೆ ಆರಂಭವಾಗುವ ವ್ಯವಹಾರ. ನೋಡಿದ್ದನ್ನು ಮೈಯಲ್ಲಿ ಆಡಿ ನೋಡಿದಲ್ಲದೆ ಅದಕ್ಕೆ ತೃಪ್ತಿಯಿಲ್ಲ. ಇಲ್ಲಿಯೇ ಒಂದು ತೊಡಕಿನ ಪ್ರಶ್ನೆಯೂ ಏಳುತ್ತದೆ. ಯಕ್ಷಿಣಿಯನ್ನು ಬದುಕಿಸಿದ್ದು ನಿಜವಾಗಿ ಮಕ್ಕಳ ಚಪ್ಪಾಳೆಯೇ? ಹಲವರು ತಟ್ಟುವರು, ಕೆಲವರು ತಟ್ಟರು, ಒಂದಿಬ್ಬರು ಛೀಮಾರಿಯ ಸದ್ದನ್ನೂ ಮಾಡುವರು ಎಂದು ಬ್ಯಾರಿಯೇ ನಾಟಕದಲ್ಲಿ ಸೂಚಿಸಿದ್ದಾನೆ. ಯಾರು ಏನು ಮಾಡಿದರೂ ಯಕ್ಷಿಣಿ ಬದುಕಿಯೇ ತೀರುತ್ತಾಳೆ. ವಾದ್ಯಗಾರರು ಸಿದ್ಧರಾಗಿರುವಾಗ ಮಕ್ಕಳ ನಂಬಿಕೆಗೆ ಕೆಲಸವೇನು? ಕೇಳಿದಂತೆ ಕಾಣುತ್ತದೆ, ಕೇಳಿದ್ದಲ್ಲ. ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಸಾಕ್ಷಿಯನ್ನು ಕರೆದಂತೆ.

ಇದನ್ನು ಕುರಿತು ಗಾಢವಾಗಿ ಚಿಂತಿಸಿದ ಇಬ್ಬರು ಅದೇ ಇಂಗ್ಲೆಂಡಿನಲ್ಲಿ ಮುಂದೆ ಕಾಣಿಸಿಕೊಂಡರು. ಬರ್ಮಿಂಗ್‌ಹ್ಯಾಮ್ ನಗರದ ಶಿಕ್ಷಣ ಇಲಾಖೆಯಲ್ಲಿ ನಾಟಕ ಸಲಹೆಗಾರನಾಗಿದ್ದ ಪೀಟರ್ ಸ್ಲೇಡ್ ಎಂಬಾತ ಮಕ್ಕಳು ತಮ್ಮಷ್ಟಕ್ಕೆ ತಾವು ಆಡುವುದನ್ನು ವರ್ಷಗಟ್ಟಲೆ ನೋಡುತ್ತ ಕುಳಿತ. ಆತ ಕಂಡದ್ದನ್ನು 1954ರಲ್ಲಿ ‘ಚೈಲ್ಡ್ ಡ್ರಾಮಾ’ ಎಂಬ ಗ್ರಂಥವಾಗಿ ಪ್ರಕಟಿಸಿದ. ಮಗುವಿನ ಆಟ ಎರಡು ಬಗೆಯದು. ಒಂದರಲ್ಲಿ ಮಗು ತಾನೇ ಪಾತ್ರವಾಗುತ್ತದೆ. ತಾನೇ ಹುಲಿ, ತಾನೇ ರೈಲು. ಇನ್ನೊಂದರಲ್ಲಿ ತಾನು ಕುಳಿತಲ್ಲಿಯೇ ಕುಳಿತು ಬೊಂಬೆಗಳಿಗೆ, ಕಡ್ಡಿಗಳಿಗೆ ಜೀವ ತುಂಬುತ್ತದೆ. ಬೊಂಬೆಮದುವೆ ಮಾಡಿಸಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಲೇಡ್ ಕಂಡ ಇನ್ನೊಂದು ಸಂಗತಿ ಹೆಚ್ಚು ಕುತೂಹಲಕರ. ತಮ್ಮಷ್ಟಕ್ಕೆ ಬಿಟ್ಟ ಮಕ್ಕಳು ಎದುರಿಗೆ ಸಭೆಯನ್ನಿಟ್ಟುಕೊಂಡು ಆಡುವುದಿಲ್ಲ. ಅವರ ಆಟ ದುಂಡಗೆ, ವೃತ್ತವಾಗಿ ಹರಡಿಕೊಳ್ಳುತ್ತದೆ. ಅಂಥವರನ್ನು ಎಳೆಯ ವಯಸ್ಸಿನಲ್ಲಿಯೇ ಎತ್ತರದ ವೇದಿಕೆ ಹತ್ತಿಸಿ ಪರದೆ ಎತ್ತಿದರೆ ಆಟ ಸತ್ತು ಪ್ರದರ್ಶನ ಹುಟ್ಟುತ್ತದೆ ಎಂಬುದು ಆತನ ದೂರು.

ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿಬಂದವರು ಆ ದೂರನ್ನು ತಳ್ಳಿಹಾಕಲಾರರು. ಮಸಿಯ ಮೀಸೆ, ಬಾಡಿಗೆಯ ಕಿರೀಟ, ಸೊಂಟಕ್ಕಿಂತ ದೊಡ್ಡ ಡಾಬು. ಪರದೆಯ ಸಂದಿಯಿಂದ ಉಪಾಧ್ಯಾಯಿನಿ ಪಿಸುಗುಟ್ಟಿದ ಮಾತನ್ನು ಐದು ವರ್ಷದ ಭೀಮಸೇನ ಗಿಣಿಯಂತೆ ಒಪ್ಪಿಸುತ್ತಾನೆ. ಅವನ ಕಣ್ಣು ಮಾತ್ರ ಮೂರನೆಯ ಸಾಲಿನಲ್ಲಿ ಫೋನನ್ನು ಎತ್ತಿಹಿಡಿದು ಚಿತ್ರ ತೆಗೆಯುತ್ತಿರುವ ತಂದೆಯ ಮೇಲೆ. ಮರುದಿನ ಅದೇ ಹುಡುಗ ಹಿತ್ತಲಿನಲ್ಲಿ ಕೋಲೊಂದನ್ನು ಗದೆಯಾಗಿ ಹಿಡಿದು ಯಾರೂ ನೋಡದಿರುವಾಗ ಆಡುವ ಭೀಮನನ್ನು ಕಂಡರೆ, ನಿನ್ನೆಯವನು ಯಾರೋ ಬೇರೆ ಎನಿಸುತ್ತದೆ.

ಎರಡನೆಯಾತ ಬ್ರಯನ್ ವೇ. ಈತ 1953ರಲ್ಲಿ ಮಾರ್ಗರೆಟ್ ಫಾಕ್ಸ್ ಎಂಬಾಕೆಯೊಡನೆ ಸೇರಿ ಲಂಡನ್ನಿನಲ್ಲಿ ‘ಥಿಯೇಟರ್ ಸೆಂಟರ್’ ಎಂಬ ಮಂಡಲಿಯನ್ನು ಸ್ಥಾಪಿಸಿ, ನಟರನ್ನು ಕಟ್ಟಿಕೊಂಡು ಶಾಲೆಯಿಂದ ಶಾಲೆಗೆ ನಾಟಕವನ್ನು ಒಯ್ದ. ವೇದಿಕೆಯಿಲ್ಲ, ಯವನಿಕೆಯಿಲ್ಲ. ಶಾಲೆಯ ಹಜಾರದ ನೆಲದ ಮೇಲೆ ಮಕ್ಕಳು ಸುತ್ತಲೂ ಕುಳಿತರೆ ನಡುವಣ ಜಾಗವೇ ರಂಗಭೂಮಿ. ಅವನ ‘ದಿ ಮಿರರ್‌ಮ್ಯಾನ್’ ಎಂಬ ಚಿಕ್ಕ ನಾಟಕದಲ್ಲಿ ಒಬ್ಬ ಬೊಂಬೆಗಾರ, ಒಂದು ಬೊಂಬೆ, ಕನ್ನಡಿಯೊಳಗಿನ ಮನುಷ್ಯ, ಒಬ್ಬಳು ಮಾಟಗಾತಿ. ಉಳಿದ ಕೆಲಸವೆಲ್ಲ ಸುತ್ತ ಕುಳಿತ ಮಕ್ಕಳದು. ಇಂಥ ನಾಟಕದಲ್ಲಿ ಗಾಳಿ ಬೇಕಾದರೆ ಗಾಳಿಯಾಗುವವರು ಅವರು, ಯಂತ್ರ ಬೇಕಾದರೆ ಯಂತ್ರವಾಗುವವರೂ ಅವರೇ.

ಕೇಳಲು ಸುಲಭ, ಆಡಿಸಲು ಬಲು ಕಷ್ಟ. ನಟನು ಪ್ರಶ್ನೆ ಕೇಳಿದ ಮೇಲೆ ನಿಜವಾಗಿ ಕಾಯಬೇಕು. ಮಗು ಕೊಟ್ಟ ಉತ್ತರ ತಾನೆಣಿಸಿದ್ದಲ್ಲವಾದರೂ ಅದನ್ನು ಎತ್ತಿಕೊಂಡು ಮುಂದುವರಿಯಬೇಕು. ಸುಮ್ಮನೆ ಕುಳಿತ ಮಗುವನ್ನು ಕೆಣಕಬಾರದು. ಮೌನವಾಗಿ ನೋಡುವುದೂ ಭಾಗವಹಿಸುವುದೇ. ಗದ್ದಲವೆದ್ದರೆ ಗದರಿಸದೆ ಕಥೆಯ ಸೂತ್ರದಿಂದಲೇ ಅದನ್ನು ಅಡಗಿಸಬೇಕು. ಸಭೆ ದೊಡ್ಡದಾದಷ್ಟೂ ಇದು ಅಸಾಧ್ಯವಾಗುತ್ತ ಹೋಗುತ್ತದೆಯೆಂದು ವೇ ಪ್ರೇಕ್ಷಕರ ಸಂಖ್ಯೆಗೆ ಮಿತಿಯಿಟ್ಟ. ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ನಾಟಕಗಳನ್ನು ಬರೆದ. ಟಿಕೆಟು ಮಾರುವವರಿಗೆ ಪ್ರಿಯವಾಗುವ ತತ್ತ್ವವಲ್ಲ ಇದು.

1967ರಲ್ಲಿ ಬಂದ ತನ್ನ ಪುಸ್ತಕವನ್ನು ಆತ ಒಂದು ಸರಳ ಭೇದದಿಂದ ಆರಂಭಿಸುತ್ತಾನೆ. ಕುರುಡನೆಂದರೆ ಯಾರೆಂದು ಮಗು ಕೇಳಿದರೆ, ಕಣ್ಣು ಕಾಣದವನೆಂದು ಹೇಳಿ ಮುಗಿಸಬಹುದು. ಕಣ್ಣು ಮುಚ್ಚಿಕೊಂಡು ಈ ಕೋಣೆಯಿಂದ ಹೊರಗೆ ಹೋಗಲು ಯತ್ನಿಸೆಂದೂ ಹೇಳಬಹುದು. ಮೊದಲನೆಯದು ತಿಳಿವಳಿಕೆ, ಎರಡನೆಯದು ಅನುಭವ. ಈ ದಾರಿಯನ್ನೇ ಹಿಡಿದು 1965ರಲ್ಲಿ ಕವೆಂಟ್ರಿ ನಗರದ ಬೆಲ್‌ಗ್ರೇಡ್ ನಾಟಕಶಾಲೆ, ನಟರೂ ಉಪಾಧ್ಯಾಯರೂ ಆಗಿರುವ ಒಂದು ತಂಡವನ್ನೇ ಕಟ್ಟಿ ಶಾಲೆಗಳಿಗೆ ಕಳುಹಿಸಿತು. ಅದು ಬೇರೆಯೇ ಒಂದು ದೀರ್ಘ ಕಥೆ.

ಈ ನಾಟಕವಿದ್ಯೆಗೆ ಮನೆಗಳಲ್ಲಿ ಹಿಂದಿನಿಂದಲೂ ಒಬ್ಬ ಅಧ್ಯಾಪಕನಿದ್ದಾನೆ. ಅವನು ಬಿಡುವಿರುವ ತಾತ. ಜಗಲಿಯ ಮೇಲೆ ಮೊಮ್ಮಗಳು ಹುಣಿಸೆ ಬೀಜ, ಮರಳು, ಎಲೆಗಳನ್ನು ಗುಡ್ಡೆ ಹಾಕಿಕೊಂಡು ಅಂಗಡಿ ಇಟ್ಟಿದ್ದಾಳೆ. ತಾತನಿಗೆ ಗಿರಾಕಿಯಾಗಲು ಅಪ್ಪಣೆಯಾಗಿದೆ. “ಅಕ್ಕಿ ಹೇಗಮ್ಮಾ?” ಎನ್ನುತ್ತಾರೆ ತಾತ. “ಅಕ್ಕಿ ಆಗಿಹೋಯಿತು ತಾತ, ನಾಳೆ ಬನ್ನಿ” ಎನ್ನುತ್ತಾಳೆ ಅಂಗಡಿಯಾಕೆ. ಎದುರಿಗೇ ಅಕ್ಕಿಯೆಂಬ ಮರಳಿನ ರಾಶಿ ಬಿದ್ದಿದೆ. ಜಾಣ ತಾತನಾದರೆ, “ಅಯ್ಯೋ, ಮನೆಯಲ್ಲಿ ನೆಂಟರು ಬಂದಿದ್ದಾರಲ್ಲಮ್ಮ, ಏನು ಮಾಡಲಿ?” ಎಂದು ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುತ್ತಾರೆ. ಆಗ ಅಂಗಡಿಯಾಕೆ ಕರಗುವಳೋ ಇಲ್ಲವೋ ಯಾರಿಗೂ ತಿಳಿಯದು. ನಾಟಕ ಆರಂಭವಾದದ್ದು ಆ ಕ್ಷಣದಲ್ಲಿ. ಅಷ್ಟರಲ್ಲಿ ಒಳಗಿನಿಂದ ತಂದೆ ಬಂದು, ಕಿಲೋ ಅಕ್ಕಿಗೆ ಐವತ್ತು ರೂಪಾಯಿಯಾದರೆ ಮೂರು ಕಿಲೋಗೆ ಎಷ್ಟು ಹೇಳು ನೋಡೋಣ ಎಂದರೆ, ಅಂಗಡಿ ಮುಚ್ಚಿದಂತೆಯೇ ಸರಿ. ಆಟದಿಂದ ಪಾಠ ಕಲಿಸುವ ಹಂಬಲ ಒಳ್ಳೆಯದಿರಬಹುದು, ಆದರೆ ಅದಕ್ಕೆ ಕಾಯುವ ತಾಳ್ಮೆಯಿಲ್ಲ.

ಕನ್ನಡ ರಂಗಭೂಮಿಯಲ್ಲಿ ಆ ತಾಳ್ಮೆ ತೋರಿದವರು ಬಿ. ವಿ. ಕಾರಂತರು ಮತ್ತು ಪ್ರೇಮಾ ಕಾರಂತರು. ಬಾಲಕನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದ ಕಾರಂತರಿಗೆ ಮಕ್ಕಳ ಮನಸ್ಸು ನಾಟಕದತ್ತ ಹೇಗೆ ಎಳೆಯುತ್ತದೆ ಎಂಬುದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಠಾಕೂರರ ಗಿಣಿಯ ಕಥೆಯನ್ನು ಅವರು ‘ಪಂಜರ ಶಾಲೆ’ಯನ್ನಾಗಿ ಮಾಡಿ ಮಕ್ಕಳಿಂದಲೇ ಆಡಿಸಿದರು. ಗಿಣಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಬಂದಿತು, ಪಂಡಿತರು ಬಂದರು, ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕಲಾಯಿತು; ಗಿಣಿ ಸತ್ತಿತು. ಶಾಲೆಗೆ ಹೋಗುವ ಮಕ್ಕಳೇ ಪಂಡಿತರ ವೇಷ ಹಾಕಿ ಆಡುವಾಗ ನೋಡುವ ದೊಡ್ಡವರು ನಗುತ್ತಲೇ ಒಮ್ಮೆ ಕುರ್ಚಿಯಲ್ಲಿ ಸರಿದು ಕೂರುವಂಥ ನಾಟಕವದು. ಕಲ್ಲು, ಕೋಲು, ಡಬ್ಬ, ಕೈಗೆ ಸಿಕ್ಕಿದ್ದರಿಂದೆಲ್ಲ ನಾದ ಹೊರಡಿಸಬಲ್ಲ ಕಾರಂತರ ಸಂಗೀತ, ಮಗುವಿನ ಜಗಲಿಯ ಅಂಗಡಿಗೆ ಬಹಳ ದೂರದ ನೆಂಟನಲ್ಲ.

ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ‘ಬೆನಕ ಮಕ್ಕಳ ಕೇಂದ್ರ’ವನ್ನು ಆರಂಭಿಸಿ ‘ಅಳಿಲು ರಾಮಾಯಣ’ವನ್ನು ಆಡಿಸಿದರು. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆ ಮಕ್ಕಳಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ರಾಮಾಯಣದಲ್ಲಿ ಅವರ ಅಳತೆಯ ಪಾತ್ರ ಅದೊಂದೇ. ಅಲ್ಲಿ ಮಕ್ಕಳು ಅಭಿನಯವಷ್ಟೇ ಅಲ್ಲ, ವೇಷಭೂಷಣ, ರಂಗಸಜ್ಜಿಕೆಗಳನ್ನೂ ಕಲಿತರು. ಮೈಸೂರಿನಲ್ಲಿ 1989ರಲ್ಲಿ ಸ್ಥಾಪನೆಯಾಗಿ ಕಾರಂತರನ್ನು ಮೊದಲ ನಿರ್ದೇಶಕರನ್ನಾಗಿ ಪಡೆದ ‘ರಂಗಾಯಣ’ ಬೇಸಿಗೆಯ ರಜೆಯಲ್ಲಿ ನಡೆಸಿಕೊಂಡು ಬಂದಿರುವ ‘ಚಿಣ್ಣರ ಮೇಳ’ವೂ ಇದೇ ಬಳ್ಳಿಯ ಹೂವು. ಕೊನೆಯಲ್ಲಿ ನಾಟಕ ಪ್ರದರ್ಶನವಿರುತ್ತದೆಂಬುದು ನಿಜ, ಸಭೆಯಲ್ಲಿ ತಾಯ್ತಂದೆಗಳು ತುಂಬಿರುತ್ತಾರೆಂಬುದೂ ನಿಜ. ಸ್ಲೇಡನಿದ್ದಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದನೇನೋ. ಆದರೆ ಅದಕ್ಕೂ ಮುನ್ನ ದಿನದಿನವೂ ಮಣ್ಣು ಕಲಸಿ, ಮುಖವಾಡ ಮಾಡಿ, ಹಾಡಿ, ಜಗಳವಾಡಿ, ಮತ್ತೆ ಕೂಡಿದ್ದು ಯಾರಿಗೂ ತೋರಿಸುವುದಕ್ಕಾಗಿ ಅಲ್ಲ.

ಲಂಡನ್ನಿನಲ್ಲಿಯೇ ಇನ್ನೊಂದು ಮಂಡಲಿ ಉಂಟು. 1981ರಲ್ಲಿ ಆರಂಭವಾದ ಅದರ ಹೆಸರು ‘ಆಯ್ಲಿ ಕಾರ್ಟ್’. ಹಸುಗೂಸುಗಳಿಗೆ, ಹಾಗೂ ನೋಡಲು, ಕೇಳಲು, ಮಾತಾಡಲು, ನಡೆಯಲು ನಾನಾ ಬಗೆಯ ತೊಡಕುಗಳಿರುವ ಮಕ್ಕಳಿಗೆ ನಾಟಕವಾಡುವುದು ಅದರ ವೃತ್ತಿ. ಚಪ್ಪಾಳೆ ತಟ್ಟಲು ಕೈ ಮೇಲೇಳದ ಮಕ್ಕಳು ಅವರು. ಕಥೆ ಹೇಳಿದರೆ ತಿಳಿಯದಿರಬಹುದು, ಬಣ್ಣ ಕಾಣದಿರಬಹುದು. ಆದಕಾರಣ ಆ ನಟರು ಸುವಾಸನೆಯನ್ನು, ಗಾಳಿಯನ್ನು, ನೀರಿನ ಹನಿಯನ್ನು, ಬಟ್ಟೆಯ ಸ್ಪರ್ಶವನ್ನು ಮಾತಿನ ಬದಲು ಬಳಸುತ್ತಾರೆ. ವೈದ್ಯಕೀಯ ಚಿಕಿತ್ಸೆಗಾಗಿ ಕಟ್ಟಿದ ಬೆಚ್ಚನೆಯ ನೀರಿನ ಕೊಳವೇ ರಂಗಭೂಮಿಯಾದದ್ದುಂಟು. 2009ರಲ್ಲಿ ಅವರು ಮಕ್ಕಳನ್ನು ತೂಗುಕುರ್ಚಿಗಳಲ್ಲಿ ಕೂರಿಸಿ ಮೇಲಕ್ಕೆತ್ತಿ, ಹಗ್ಗದ ಮೇಲೆ ಆಡುವ ನಟರ ನಡುವೆ ತೇಲಿಸಿದರು. ಬ್ಯಾರಿಯ ಮಕ್ಕಳು ಮಂಚ ಹತ್ತಿ ಯತ್ನಿಸಿದ ಹಾರಾಟ ಇಲ್ಲಿ ಯಾರ ಕಾಲನ್ನೂ ಮುರಿಯದೆ ಕೈಗೂಡಿತು.

ಇಂತಹ ಆಟಗಳಲ್ಲಿ ಬಂದ ಮಕ್ಕಳ ಸಂಖ್ಯೆ ಕೈಬೆರಳಲ್ಲಿ ಎಣಿಸುವಷ್ಟು. ಪ್ರತಿಯೊಂದು ಮಗುವಿನ ಹತ್ತಿರಕ್ಕೂ ಒಬ್ಬ ನಟ ಬಂದು, ಅದರ ಹೆಸರನ್ನೇ ಹಾಡಾಗಿ ಮಾಡಿ, ಅದರ ಮುಖದೆದುರು ಮೆಲ್ಲನೆ ಹಾಡುತ್ತಾನೆ. ಆಮೇಲೆ ಸುಮ್ಮನಾಗಿ ಕಾಯುತ್ತಾನೆ. ಉತ್ತರವೆಂದರೆ ಒಂದು ರೆಪ್ಪೆಯ ಚಲನೆಯಿರಬಹುದು, ಉಸಿರಿನ ಲಯದಲ್ಲಿ ಒಂದು ಬದಲಾವಣೆಯಿರಬಹುದು, ಕಿರುಬೆರಳೊಂದು ಅಲುಗಿದ್ದಿರಬಹುದು. ಪಕ್ಕದಲ್ಲಿ ಕುಳಿತ ತಾಯಿಗೆ ಆ ಉತ್ತರ ನಟನಿಗಿಂತ ಮೊದಲೇ ತಿಳಿಯುತ್ತದೆ, ಆಕೆ ತಲೆಯಾಡಿಸುತ್ತಾಳೆ. ನಟ ಆ ಬೆರಳಿನ ಲಯವನ್ನೇ ಹಿಡಿದು ಹಾಡಿನ ಮುಂದಿನ ಸಾಲನ್ನು ಎತ್ತಿಕೊಳ್ಳುತ್ತಾನೆ.