ಏಳನೇ ಕ್ಲಾಸಿನ ಲೆಕ್ಕ ಹೊಲದಲ್ಲಿ ನೆನಪಾಯ್ತು

ನಾನು ಓದಿದ್ದು ಏಳನೇ ಕ್ಲಾಸು. ಶಾಲೆ ಬಿಟ್ಟು ನಲವತ್ತು ವರ್ಷ ದಾಟಿತು. ಬಿಕ್ಕೋಡು ಕಡೆ ನಮ್ಮದು ಮಳೆ ನಂಬಿದ ಹೊಲ. ರಾಗಿ, ಮುಸುಕಿನ ಜೋಳ, ಧೈರ್ಯ ಬಂದ ವರ್ಷ ಆಲೂಗೆಡ್ಡೆ. ಲೆಕ್ಕ ಅಂದರೆ "ಅದೆಲ್ಲ ಮರೆತೋಯ್ತು ಬಿಡಿ" ಅನ್ನುವವರಲ್ಲಿ ನಾನೂ ಒಬ್ಬ. ಆ ಮಾತಿಗೆ ಹದಿನೈದು ಸಾವಿರ ತೆತ್ತಿದ್ದೇನೆ.

ರಸ್ತೆ ಪಕ್ಕದ ಒಂದು ತುಂಡು ಹೊಲವನ್ನು ಶುಂಠಿಗೆ ವರ್ಷದ ಗುತ್ತಿಗೆ ಕೊಟ್ಟೆ. ಎಕರೆಗೆ 60 ಸಾವಿರದ ಮಾತು, ನೀರು ಅವರೇ ತಂದುಕೊಳ್ಳುವುದು. ಪಹಣಿಯಲ್ಲಿ ಇದ್ದದ್ದು ಇಡೀ ಸರ್ವೆ ನಂಬರಿನ ವಿಸ್ತೀರ್ಣ, ಈ ತುಂಡಿನದಲ್ಲ. ಹೊಲ ಚೌಕವೂ ಅಲ್ಲ. ರಸ್ತೆ ಕಡೆ ಅಗಲ, ಹಳ್ಳದ ಕಡೆ ಕಿರಿದು. ಬಂದವರು ಹೆಜ್ಜೆ ಹಾಕಿ ನೋಡಿ, "ಯಜಮಾನ್ರೇ, ಆ ಕಡೆ ಸಣ್ಣಕ್ಕಾಗ್ತದೆ. ಮೂವತ್ತು ಗುಂಟೆ ಹಿಡಿಯೋಣ" ಅಂದರು. ನಾನು ಹೂಂ ಅಂದೆ.

ಮಾರನೇ ವರ್ಷ ಅದೇ ತುಂಡಿಗೆ ಗೊಬ್ಬರ ಎಷ್ಟು ಬೇಕು ಅಂತ ನೋಡಲು 33 ಅಡಿ ಹಗ್ಗ ಹಿಡಿದು ಅಳೆದೆ. ರಸ್ತೆ ಬದಿ 6 ಹಗ್ಗ, ಎದುರಿನ ಹಳ್ಳದ ಬದಿ 2 ಹಗ್ಗ, ನಡುವಿನ ದೂರ 10 ಹಗ್ಗ. ಒಂದು ಬದು ನೆಟ್ಟಗೆ, ಇನ್ನೊಂದು ಓರೆ. ಇಂಥ ಆಕಾರಕ್ಕೆ ಏನೋ ಒಂದು ಸೂತ್ರ ಇದೆ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಕಡ್ಡಿ ತಗೊಂಡು ನೆಲದ ಮೇಲೆ ಚಿತ್ರ ಬರೆದೆ. ನಡುವೆ ಒಂದು ಗೆರೆ ಎಳೆದ ಕೂಡಲೆ ಒಂದು ಆಯತ, ಒಂದು ತ್ರಿಕೋನ ಕಂಡವು. ಆಯತ ಎರಡು ಹತ್ತಲೆ ಇಪ್ಪತ್ತು. ತ್ರಿಕೋನ ನಾಲ್ಕು ಹತ್ತಲೆ ನಲವತ್ತು, ಅದರರ್ಧ ಇಪ್ಪತ್ತು. ಒಟ್ಟು ನಲವತ್ತು. ಒಂದು ಹಗ್ಗ ಉದ್ದ, ಒಂದು ಹಗ್ಗ ಅಗಲ ಅಂದರೆ 1,089 ಚದರಡಿ, ಒಂದು ಗುಂಟೆ. ನಲವತ್ತು ಗುಂಟೆ ಅಂದರೆ ಪೂರಾ ಎಕರೆ!

ಹತ್ತು ಗುಂಟೆ ಬಿಟ್ಟುಕೊಟ್ಟಿದ್ದೆ. ಗುಂಟೆಗೆ 1,500ರಂತೆ 15 ಸಾವಿರ. ಅವರನ್ನು ದೂರುವುದಿಲ್ಲ. ಅವರದು ಅಂದಾಜು, ಹೂಂ ಅಂದವನು ನಾನು.

ಅವತ್ತಿಂದ ಯೋಚಿಸುತ್ತಿದ್ದೇನೆ. ಸೂತ್ರ ಮರೆತಿತ್ತು, ಆದರೆ ದಾರಿ ಮರೆತಿರಲಿಲ್ಲ. ದಿನಾ ಸಂಜೆ ಕೂಗಿ ಹೇಳಿದ ಮಗ್ಗಿ ಈಗಲೂ ಬಾಯಲ್ಲಿದೆ. ನಮ್ಮ ಬೇಲೂರು, ಹಳೇಬೀಡಿನಲ್ಲಿ ಹೊಯ್ಸಳರು ಆಳುತ್ತಿದ್ದ 12ನೇ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅಂತ ಕನ್ನಡದಲ್ಲೇ ಲೆಕ್ಕದ ಪುಸ್ತಕ ಬರೆದ. ಲೆಕ್ಕವನ್ನು ಪದ್ಯದಲ್ಲಿ ಹೇಳಿದ. ಪದ್ಯವಾದರೆ ಬಾಯಲ್ಲಿ ಉಳಿಯುತ್ತದೆ. ಕ್ಷೇತ್ರ ಅಂದರೆ ಹೊಲವೂ ಹೌದಲ್ಲವೇ? ಲೆಕ್ಕ ನಮಗೆ ಹೊರಗಿನದೇನಲ್ಲ.

"ಮೊಬೈಲಲ್ಲೇ ಲೆಕ್ಕ ಇದೆಯಲ್ಲ" ಅಂತಾನೆ ಮಗ. ಇದೆ. ಅದು ಗುಣಿಸಿ ಕೊಡುತ್ತದೆ. ಯಾವುದನ್ನು ಯಾವುದರಿಂದ ಗುಣಿಸಬೇಕು ಅನ್ನುವುದು ನಮಗೆ ತಿಳಿದಿರಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಕಿವಿಗೆ ಸಣ್ಣದು. ವರ್ಷಕ್ಕೆ ಅದು 36. ಐವತ್ತು ಸಾವಿರ ಸಾಲಕ್ಕೆ 18 ಸಾವಿರ ಬಡ್ಡಿ. ಅಂಗಮಾರಿಯ ಔಷಧಿ ಲೀಟರಿಗೆ 2 ಗ್ರಾಂ ಅಂತ ಬರೆದಿದ್ದರೆ 15 ಲೀಟರಿನ ಕ್ಯಾನಿಗೆ 30 ಗ್ರಾಂ. ಅಲ್ಲಿ ಕೈಯಂದಾಜು ನಡೆಯದು. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಶೇಕಡ 46, ಅಂದರೆ 20 ಕಿಲೋ ಚಿಲ್ಲರೆ. ಇದಿಷ್ಟೂ ಏಳನೇ ಕ್ಲಾಸಿನೊಳಗಿನ ಲೆಕ್ಕವೇ.

ಈಗ ಮನೆಯಲ್ಲಿ 33 ಅಡಿಯ ಹಗ್ಗ ಒಂದನ್ನು ಬೇರೆಯೇ ಇಟ್ಟಿದ್ದೇನೆ. ರಾತ್ರಿ ಊಟಕ್ಕೆ ಮುಂಚೆ ಹಳೇ ನೋಟ್‌ಬುಕ್ಕಿನಲ್ಲಿ ಆ ದಿನದ ಕೂಲಿ, ಖರ್ಚು ಬರೆದು ಕೂಡುತ್ತೇನೆ. ಮೊದಲ ವಾರ ಶೇಕಡಾ ಲೆಕ್ಕ ತಪ್ಪುತ್ತಿತ್ತು. ಮೊಮ್ಮಗಳು ನಕ್ಕು ತಿದ್ದಿದಳು. ತಿಂಗಳಲ್ಲಿ ಕೈಗೆ ಬಂತು.

ಪತ್ರಿಕೆಯವರಲ್ಲಿ ಒಂದು ಕೋರಿಕೆ. ತಿಂಗಳಿಗೊಂದು ಹೊಲದ ಲೆಕ್ಕ ಹಾಕಿ, ಉತ್ತರ ಮುಂದಿನ ಸಂಚಿಕೆಯಲ್ಲಿ ಕೊಡಿ. ನಾವು ಮನೆಮಂದಿಯೆಲ್ಲ ಕೂತು ಬಿಡಿಸುತ್ತೇವೆ. ಓದುಗ ಮಿತ್ರರೇ, ಇನ್ನು ಯಾರಾದರೂ ನಿಮ್ಮ ಹೊಲವನ್ನು 'ಇಷ್ಟು ಹಿಡಿಯೋಣ' ಅಂದರೆ, ಹೂಂ ಅನ್ನುವ ಮೊದಲು ಒಂದು ಕಡ್ಡಿ ತಗೊಂಡು ನೆಲದ ಮೇಲೆ ಗೆರೆ ಎಳೆದು ನೋಡಿ.